ಹತ್ತಂಗುಲದ ತಟ್ಟೆಯಲ್ಲಿ ಅರವತ್ತೊಂದನೇ ಬರ್ಫಿ

ನಮ್ಮ ದೊಡ್ಡಪ್ಪನ ಮನೆಗೆ ಊಟಕ್ಕೆ ಹೋದವರ ಹೊಟ್ಟೆ ತುಂಬುವುದು ಖಂಡಿತ. ಆದರೆ ಅದು ಎಷ್ಟು ಚದರ ಅಂಗುಲ ತುಂಬಿತು ಎಂಬುದು ತೀರ್ಮಾನವಾಗುವವರೆಗೆ ಅವರು ಯಾರನ್ನೂ ಕೈ ತೊಳೆಯಲು ಬಿಡುವುದಿಲ್ಲ! ನೀವು ನಗುತ್ತೀರಿ. ನಗಿ. ನಾನೂ ಇಪ್ಪತ್ತೆರಡು ವರ್ಷ ನಕ್ಕವಳೇ. ಇಪ್ಪತ್ತಮೂರನೆಯ ವರ್ಷ ಏನಾಯಿತು ಎಂಬುದನ್ನು ಕಡೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನೀವು ಅವರ ಪಕ್ಷ ಸೇರಿಬಿಡುತ್ತೀರಿ. ಎದುರು ಪಕ್ಷದ ವಾದವನ್ನೂ ಕೇಳಿಸಿಕೊಳ್ಳುವುದು ನ್ಯಾಯ. ಎದುರು ಪಕ್ಷ ಅಂದರೆ ನಾನು.

ದೊಡ್ಡಪ್ಪನದು ಬಡವನಹಳ್ಳಿಯಲ್ಲಿ ಸೈಕಲ್ ಶಾಪು. ಈಗ ಸೈಕಲ್ಲುಗಳೇ ಬರುವುದಿಲ್ಲ, ಬೈಕುಗಳ ಪಂಕ್ಚರ್ ಹಾಕುತ್ತಾರೆ. ಆದರೂ ಅಂಗಡಿಯ ಮುಂದೆ ಒಂದು ಸೈಕಲ್ ಚಕ್ರ ಇವತ್ತಿಗೂ ತೂಗುತ್ತಿರುತ್ತದೆ. ಅದು ಬೋರ್ಡಲ್ಲ, ಕುಲದೇವರು. ದೊಡ್ಡಪ್ಪ ಪಿಯುಸಿಯಲ್ಲಿ ಓದುತ್ತಿದ್ದಾಗ ಒಂದು ದಿನ ಗಣಿತದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ದೊಡ್ಡ ವೃತ್ತವೊಂದನ್ನು ಬರೆದು, ಅದರ ನಟ್ಟನಡುವೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು, "ವೃತ್ತದೊಳಗಿನ ಆಕೃತಿಗಳ ವಿಸ್ತೀರ್ಣ, ನಾಳೆ ಮುಂದುವರಿಸೋಣ" ಎಂದರಂತೆ. ಆ ಸಂಜೆಯೇ ನಮ್ಮ ತಾತ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡರು. ಹಿರೀಮಗ ಅಂಗಡಿಗೆ ಕೂತ. ಮೇಷ್ಟ್ರ ಆ 'ನಾಳೆ' ಬರಲೇ ಇಲ್ಲ. ಬೇರೆಯವರಾದರೆ ಓದು ನಿಂತ ಕಡೆಗೆ ನಿಂತಿತು ಅಂತ ಮರೆತುಬಿಡುತ್ತಿದ್ದರು. ನಮ್ಮ ದೊಡ್ಡಪ್ಪ ಆ ವೃತ್ತದೊಳಗೆ ಹೋದವರು ಇನ್ನೂ ಹೊರಗೆ ಬಂದಿಲ್ಲ!

ನಾನು ಕೊರಟಗೆರೆಯವಳು. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಯೇ ನನ್ನ ಕಸುಬು. ಪರವಾಗಿ ಮಾತಾಡು ಅಂದರೆ ಪರ, ವಿರೋಧವಾಗಿ ಅಂದರೆ ವಿರೋಧ. ಯಾವುದೂ ಬೇಡ, ಸುಮ್ಮನಿರು ಅಂದರೆ ಮಾತ್ರ ಜ್ವರ ಬರುತ್ತದೆ. ಮನೆಯ ಶೋಕೇಸಿನಲ್ಲಿರುವ ಹದಿನಾಲ್ಕು ಕಪ್ಪುಗಳ ಪೈಕಿ ಒಂದರಲ್ಲೂ ಕಾಫಿ ಕುಡಿಯಲು ಬರುವುದಿಲ್ಲ ಎಂಬುದು ಅಮ್ಮನ ದೂರು. ದೊಡ್ಡಪ್ಪ ನನಗಿಟ್ಟ ಹೆಸರು 'ಲಾಯರಮ್ಮ'. ಇಂಥ ನಾನೂ ಅಂಥ ಅವರೂ ಎದುರುಬದುರು ಕೂತರೆ ದೊಡ್ಡಮ್ಮ ಒಲೆಯ ಉರಿ ಸಣ್ಣಗೆ ಮಾಡಿಬಿಡುತ್ತಾರೆ. ಸದ್ಯಕ್ಕೆ ಇವರು ಊಟಕ್ಕೆ ಏಳುವುದಿಲ್ಲ ಅಂತ ಅವರಿಗೆ ಗೊತ್ತು.

ದೊಡ್ಡಪ್ಪನ ಸಿದ್ಧಾಂತ ಇಷ್ಟೇ: ಪ್ರಪಂಚದಲ್ಲಿ ಯಾವುದೇ ವಸ್ತು ಎಲ್ಲಿದೆ ಅಂತ ಹೇಳಲು ಎರಡು ಅಂಕಿ ಸಾಕು. ಒಂದು ಮೂಲಬಿಂದು ಗೊತ್ತುಮಾಡಿಕೋ. ಅಲ್ಲಿಂದ ಬಲಕ್ಕೆ ಹೋದರೆ ಪ್ಲಸ್, ಎಡಕ್ಕೆ ಹೋದರೆ ಮೈನಸ್. ಮೇಲಕ್ಕೆ ಪ್ಲಸ್, ಕೆಳಕ್ಕೆ ಮೈನಸ್. ಮುಗಿಯಿತು! ಪುಸ್ತಕದಲ್ಲಿ ಇದನ್ನು ನಿರ್ದೇಶಾಂಕ ಅನ್ನುತ್ತಾರೆ. ಬಡವನಹಳ್ಳಿಯಲ್ಲಿ 'ಯಜಮಾನ್ರ ಕಾಟ' ಅನ್ನುತ್ತಾರೆ. ಒಮ್ಮೆ ಕೊರಿಯರ್‌ನವನು ಫೋನ್ ಮಾಡಿ ಮನೆ ಎಲ್ಲಿ ಸರ್ ಎಂದು ಕೇಳಿದ. ಬೇರೆಯವರು ಅರಳಿಮರ, ಟೀ ಅಂಗಡಿ ಅಂತ ಏನಾದರೂ ಹೇಳುತ್ತಾರೆ. ಇವರು, "ನಮ್ಮ ಸೈಕಲ್ ಶಾಪಿನ ಕಂಬ ಮೂಲಬಿಂದು. ಅಲ್ಲಿಂದ ಮೈನಸ್ ನಲವತ್ತು ಹೆಜ್ಜೆ, ಪ್ಲಸ್ ಇಪ್ಪತ್ತೈದು ಹೆಜ್ಜೆ" ಎಂದರು. ಹತ್ತು ನಿಮಿಷ ಬಿಟ್ಟು ಅವನ ಫೋನು.

"ಸರ್, ಬಂದಿದೀನಿ. ಆದ್ರೆ ಇಲ್ಲಿ ಒಂದು ಎಮ್ಮೆಗೆ ಇಂಜೆಕ್ಷನ್ ಕೊಡ್ತಾ ಅವ್ರೆ. ಸೈನು ಯಾರ್ ಮಾಡ್ತಾರೆ ಸರ್?"

ದೊಡ್ಡಪ್ಪ ಫೋನಿಟ್ಟು ನಿಟ್ಟುಸಿರುಬಿಟ್ಟರು. "ಮೈನಸ್ ಮರ್ತ ಮನ್ಸ ಎಮ್ಮೆ ತಾವ್ಕೇ ಹೋಗೋದು ಕಣಮ್ಮ."

ನಾನು ಬಿಡುತ್ತೇನೆಯೇ? "ಸರಿ ದೊಡ್ಡಪ್ಪ, ಆದರೆ ಇದರಿಂದ ಏನು ಪ್ರಯೋಜನ? ವೃತ್ತದೊಳಗಿನ ತ್ರಿಕೋನದ ವಿಸ್ತೀರ್ಣ ಗೊತ್ತಿಲ್ಲದೆ ಈವರೆಗೆ ಯಾರಾದರೂ ಸತ್ತಿದ್ದಾರಾ?"

"ಸಾಯಾಕಿಲ್ಲ. ಹಸ್ಕೊಂಡ್ ಇರ್ತಾರೆ," ಎಂದರು ಅವರು. "ಬಾ, ದೋಸೆ ತಿನ್ನು."

ದೊಡ್ಡಮ್ಮ ದೋಸೆ ಹುಯ್ದರೆ ಕಂಪಾಸಿನಲ್ಲಿ ಬರೆದ ಹಾಗಿರುತ್ತದೆ. ಹತ್ತಂಗುಲ ಅಗಲ, ನಡುವಿನಿಂದ ಅಂಚಿಗೆ ಐದಂಗುಲ, ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ದೊಡ್ಡಪ್ಪ ದೋಸೆಯ ನಡುವೆ ಚಟ್ನಿಯ ಒಂದು ಚುಕ್ಕಿ ಇಟ್ಟರು. ಅದು ಮೂಲಬಿಂದು. ಬಲಕ್ಕೆ ಐದಂಗುಲ, ಮೇಲಕ್ಕೆ ಸೊನ್ನೆ: ಅಂಚಿನ ಮೇಲೆ ಒಂದು ಚುಕ್ಕಿ. ಎಡಕ್ಕೆ ಮೂರು, ಮೇಲಕ್ಕೆ ನಾಲ್ಕು: ಇನ್ನೊಂದು. ಎಡಕ್ಕೆ ಮೂರು, ಕೆಳಕ್ಕೆ ನಾಲ್ಕು: ಮತ್ತೊಂದು. ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಕೂಡಿದರೆ ಇಪ್ಪತ್ತೈದು. ಅಂದರೆ ಐದರ ವರ್ಗ. ಆದ್ದರಿಂದ ಮೂರು ಚುಕ್ಕಿಗಳೂ ಸರಿಯಾಗಿ ಅಂಚಿನ ಮೇಲೇ ಕೂತವು. ಮೂರನ್ನೂ ಸೇರಿಸಿ ಚಾಕುವಿನಲ್ಲಿ ಕತ್ತರಿಸಿದರು. ಒಂದು ಭರ್ಜರಿ ತ್ರಿಕೋನ! ಸುತ್ತ ಮೂರು ಸೊಟ್ಟ ತುಂಡುಗಳು ಉಳಿದವು.

"ಈಗ ಹೇಳು ಲಾಯರಮ್ಮ. ತ್ರಿಕೋನ ನಿಂಗೋ, ನಂಗೋ?"

ತ್ರಿಕೋನ ನೋಡಿದರೆ ದೋಸೆಯ ಮುಕ್ಕಾಲು ಪಾಲಿನಂತೆ ಕಾಣುತ್ತಿತ್ತು. ನಾನು ತಕ್ಷಣ ಎಳೆದುಕೊಂಡೆ. ದೊಡ್ಡಪ್ಪ ಮೂರು ತುಂಡುಗಳನ್ನೂ ಮಡಿಚಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿಯುತ್ತ ಲೆಕ್ಕ ಒಪ್ಪಿಸಿದರು. ತ್ರಿಕೋನದ ಪಾದ ಎಂಟು, ಎತ್ತರ ಎಂಟು, ಎಂಟೆಂಟ್ಲಿ ಅರವತ್ತನಾಲ್ಕರಲ್ಲಿ ಅರ್ಧ ಮೂವತ್ತೆರಡು. ಇಡೀ ದೋಸೆ ಎಪ್ಪತ್ತೆಂಟೂವರೆ ಚದರ ಅಂಗುಲ. "ನೀನ್ ತಿಂದಿದ್ದು ಮೂವತ್ತೆರಡು. ನಾನ್ ತಿಂದಿದ್ದು ನಲವತ್ತಾರೂವರೆ. ಅಂಚಲ್ಲಿ ಎಷ್ಟ್ ಹೋಯ್ತದೆ ಅಂತ ಯಾರೂ ನೋಡಾಕಿಲ್ಲ ಕಣಮ್ಮ. ಅದ್ಕೇ ಮೋಸ ಹೋಗೋದು."

ಚರ್ಚಾಸ್ಪರ್ಧೆಯಲ್ಲಿ ಹೀಗೆ ಎದುರಾಳಿಯ ಬಾಯಿಗೇ ದೋಸೆ ತುರುಕಿ ಗೆಲ್ಲುವುದಕ್ಕೆ ಅವಕಾಶವಿಲ್ಲ. ಇದ್ದಿದ್ದರೆ ನನ್ನ ಶೋಕೇಸು ಖಾಲಿಯಿರುತ್ತಿತ್ತು.

ಇಷ್ಟಾದರೂ ಈ ಹುಚ್ಚು ವರ್ಷಕ್ಕೊಮ್ಮೆ ಶಿಖರ ಮುಟ್ಟುತ್ತದೆ. ಅದು ಕಡೇ ಕಾರ್ತಿಕ ಸೋಮವಾರ. ಆ ಹೊತ್ತಿಗೆ ಹೊಸ ಕಡ್ಲೇಕಾಯಿ ಮನೆಗೆ ಬಂದಿರುತ್ತದೆ. ಬೀಜ ಹುರಿದು, ಸಿಪ್ಪೆ ತೂರಿ, ಕುಟ್ಟಿ, ಬೆಲ್ಲದ ಪಾಕಕ್ಕೆ ಹಾಕಿ ಕಲಸಿ, ಒಂದು ತಟ್ಟೆ ಬರ್ಫಿ ಮಾಡಿ ಶಿವನಿಗೆ ಎಡೆಯಿಟ್ಟು ಹಂಚುವುದು ನಮ್ಮ ಮನೆಯ ಪದ್ಧತಿ. ಒಂದೇ ಪಾಕ, ಒಂದೇ ತಟ್ಟೆ. ಎರಡನೆಯ ತಟ್ಟೆ ಮಾಡುವ ಹಾಗಿಲ್ಲ. ತುಂಡು ಒಂದಂಗುಲ ಚೌಕ, ಅಂದರೆ ನಮ್ಮಜ್ಜಿಯ ಹೆಬ್ಬೆಟ್ಟಿನ ಅಗಲ. ಅದಕ್ಕಿಂತ ಕಿರಿದು ಮಾಡುವ ಹಾಗಿಲ್ಲ. ನಡುವೆ ಒಂದು ಗೆರೆ, ಅದಕ್ಕೆ ಅಡ್ಡ ಇನ್ನೊಂದು, ಆಮೇಲೆ ಅಂಗುಲಕ್ಕೊಂದು. ಹೀಗೆ ಕತ್ತರಿಸಿದರೆ ಪೂರ್ತಿ ಚೌಕಗಳು ಅರವತ್ತು ಬರುತ್ತವೆ. ಆದ್ದರಿಂದ ಅಜ್ಜಿಯ ಪಟ್ಟಿಯಲ್ಲಿ ಅರವತ್ತು ಹೆಸರು. ನೆಂಟರು, ಬೀದಿಯವರು, ದೊಡ್ಡಪ್ಪ, ಅಪ್ಪ, ಅಮ್ಮ, ಎಲ್ಲರೂ ಅದರಲ್ಲಿದ್ದಾರೆ. ಮುತ್ತಜ್ಜಿಯೊಬ್ಬರು ತೀರಿಕೊಂಡ ವರ್ಷವೇ ನಾನು ಹುಟ್ಟಿದ್ದರಿಂದ ನನಗೆ ಹಲ್ಲು ಬರುವ ಮೊದಲೇ ಒಂದು ತುಂಡು ಮಂಜೂರಾಗಿತ್ತು!

ಇನ್ನು ತಟ್ಟೆಯ ಸುತ್ತ ಉಳಿಯುವ ಮುಕ್ಕು ತುಂಡುಗಳು? ಅದಕ್ಕೂ ಅಜ್ಜಿಯ ಕಾಯಿದೆಯಿದೆ: 'ಪಾಕ ಕಾಸಿದೋರಿಗೆ ಅಂಚು.' ಅಜ್ಜಿ ಪಾಕ ಕಾಸುವ ತನಕ ಅಂಚು ಅಜ್ಜಿಗೆ. ದೊಡ್ಡಮ್ಮ ಸೊಸೆಯಾಗಿ ಬಂದ ವರ್ಷ ಸೌಟು ಅವರ ಕೈಗೆ ಬಂತು, ಜೊತೆಗೆ ಅಂಚೂ ಬಂತು. "ನಂಗೆ ಅಂಚೇ ಇಷ್ಟ ಕಣಮ್ಮ, ಕಟುಕಟು ಅಂತದೆ" ಎನ್ನುತ್ತಾರೆ ಅವರು. ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಚಾಕುವಿನ ತುದಿಯಿಂದ ಕೆರೆದು ಕೆರೆದು ತಿನ್ನುವ ಆ ಸದ್ದು ಕೇಳಿದರೆ ಹಬ್ಬ ಮುಗಿಯಿತು ಅಂತ ಅರ್ಥ.

ಕತ್ತರಿಸುವುದು ಮಾತ್ರ ದೊಡ್ಡಪ್ಪನ ಹಕ್ಕು. ಅಳತೆಗೋಲು ಒಂದು ಹಳೇ ಸೈಕಲ್ ಕಡ್ಡಿ. ನಡುವಿಗೆ ಒಂದು ಇಡೀ ಕಡ್ಲೇಬೀಜ ಒತ್ತುತ್ತಾರೆ, ಅದು ಮೂಲಬಿಂದು. ಮೊದಲ ಗೆರೆಗೇ ಆ ಬೀಜ ಎರಡು ಹೋಳಾಗಿ ಚಾಕುವಿಗೆ ಅಂಟಿಕೊಂಡು ಬರುತ್ತದೆ, ಅದನ್ನು ಬಾಯಿಗೆ ಹಾಕಿಕೊಂಡು ಮುಂದುವರಿಯುತ್ತಾರೆ. ಆಮೇಲೆ ಒಂದೊಂದು ತುಂಡನ್ನೂ ಕಾಗದದಲ್ಲಿ ಸುತ್ತಿ ಮೇಲೆ ಅದರ ಅಂಕಿ ಬರೆಯುತ್ತಾರೆ. ಬಲ ಮೇಲಿನ ಕಾಲುಭಾಗ ಎರಡೂ ಪ್ಲಸ್ಸು, ಅದು ಬೀಗರಿಗೆ. ಎಡ ಕೆಳಗಿನ ಕಾಲುಭಾಗ ಎರಡೂ ಮೈನಸ್ಸು. ಅದು ಯಾರಿಗೆ ಹೋಗುತ್ತದೆ ಎಂಬುದನ್ನು ಬಹಳ ವರ್ಷ ಯಾರೂ ಗಮನಿಸಿರಲಿಲ್ಲ. ಗಮನಿಸಿದವರು ಪಾವಗಡದ ಅತ್ತೆ, ದೊಡ್ಡಪ್ಪನ ತಂಗಿ. ಅವರು ತೆಲುಗಿನಲ್ಲಿ ಜಗಳ ಶುರುಮಾಡಿ ಕನ್ನಡದಲ್ಲಿ ಗೆಲ್ಲುವವರು.

"ಏಮಿ ಅಣ್ಣಯ್ಯಾ ಇದಿ? ಹತ್ತು ವರ್ಷದಿಂದ ಕಾಗದ ಎತ್ತಿಟ್ಟಿದೀನಿ, ನೋಡು. ಮೈನಸ್ ಎರಡು ಮೈನಸ್ ಮೂರು, ಮೈನಸ್ ಮೂರು ಮೈನಸ್ ಒಂದು... ನಮ್ ಪಾವಗಡಕ್ಕೆ ಬರೀ ಮೈನಸ್ಸೇನಾ?"

"ಮೈನಸ್ ಅಂದ್ರೆ ಕಮ್ಮಿ ಅಲ್ಲ ಕಣಮ್ಮಿ. ಅದೊಂದು ಕಡೆ, ಅಷ್ಟೇಯ. ತುಂಡು ಎಲ್ಲಾ ಒಂದೇ ಅಳತೆ."

"ಒಂದೇ ಆದ್ರೆ ನಿನ್ ಬೀಗ್ರಿಗೆ ಕೊಡು ಮತ್ತೆ ಆ ಕಡೇದು!"

ಅಂದಿನಿಂದ ಅತ್ತೆ ತಮ್ಮ ಪಾಲಿನ ತುಂಡಿನ ಮೇಲೆ ಹೆಬ್ಬೆಟ್ಟು ಒತ್ತಿ, ಅಳತೆ ನೋಡಿಯೇ ಒಳಗಿಟ್ಟುಕೊಳ್ಳುವುದು. ಒಂದು ನೂಲಿನಷ್ಟು ಕಮ್ಮಿಯಾದರೂ ಆ ವರ್ಷ ಪಾವಗಡದಿಂದ ಬಡವನಹಳ್ಳಿಗೆ ಫೋನಿಲ್ಲ.

ಕಳೆದ ವರ್ಷ ತಟ್ಟೆಗೇ ಗ್ರಹಚಾರ ಬಂತು. ಅಜ್ಜಿಯ ಕಾಲದ ಹಿತ್ತಾಳೆ ತಟ್ಟೆ ಬಿದ್ದೂ ಬಿದ್ದೂ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಗ್ಗಿ ಕೋಳಿಮೊಟ್ಟೆಯಾಗಿತ್ತು. ಹೊಸದು ತರಲು ದೊಡ್ಡಪ್ಪ ಸಿರಾಕ್ಕೆ ಹೊರಟರು, ಚೌಕಾಶಿಗೆ ನಾನು. ಪಾತ್ರೆ ಅಂಗಡಿಯ ಸಾಬರು ಪಾಪ, ತುಂಬ ಒಳ್ಳೆಯವರು. ಒಂದೊಂದೇ ತಟ್ಟೆ ತೆಗೆದುಕೊಟ್ಟರು. ದೊಡ್ಡಪ್ಪ ಜೇಬಿನಿಂದ ದಾರ, ಸೀಮೆಸುಣ್ಣ ತೆಗೆದು, ನಡುವನ್ನು ಹುಡುಕಿ, ಎಂಟೂ ಕಡೆಗೆ ದಾರ ಹಿಡಿದು ಅಳೆದು, "ಇಲ್ಲಿ ಒಂದ್ ಗೋಧಿಕಾಳಷ್ಟು ಕಮ್ಮಿ" ಅಂತ ಪಕ್ಕಕ್ಕಿಟ್ಟರು. ಹೀಗೆ ಹದಿನೇಳು ತಟ್ಟೆ.

"ಅರೆ ಯಜಮಾನ್ರೇ, ತಟ್ಟೆ ತಗಳ್ಳೋಕೆ ಬಂದಿದೀರೋ, ಹೆಣ್ ನೋಡೋಕೆ ಬಂದಿದೀರೋ? ಗೋಲ್ ಐತೆ ನೋಡಿ, ಏಕ್‌ದಮ್ ಚಾಂದ್!"

"ಚಂದ್ರನೂ ಪೂರ್ತಿ ಗೋಲ ಇಲ್ಲ ಸಾಬ್ರೇ. ಅದೂ ಒಸಿ ಚಪ್ಪಟೆ."

ಸಾಬರು ಎರಡೂ ಕೈ ಮೇಲೆತ್ತಿದರು. "ಯಾ ಅಲ್ಲಾ! ಚಾಂದ್‌ನೇ ವಾಪಸ್ ಮಾಡೋ ಗಿರಾಕಿಗೆ ನಾನು ಇನ್ಯಾವ್ ತಟ್ಟೆ ಕೊಡ್ಲಿ?"

ಹದಿನೆಂಟನೆಯದು ಪಾಸಾಯಿತು. ದಾರಿಯುದ್ದಕ್ಕೂ ಅದನ್ನು ಎದೆಗೆ ಒತ್ತಿ ಹಿಡಿದು ಮಧುಗಿರಿ ಬಸ್ಸಿನಲ್ಲಿ ಕೂತ ದೊಡ್ಡಪ್ಪನನ್ನು ಕಂಡು ಕಂಡಕ್ಟರ್, "ಏನ್ ಯಜಮಾನ್ರೇ, ಡ್ರೈವರ್‌ಗೆ ಸ್ಟೇರಿಂಗ್ ತಂದ್ರಾ?" ಎಂದ.

ಆಗ ನಾನು ಕೇಳಿದೆ. ನಿಜವಾಗಿ ಎಷ್ಟೋ ವರ್ಷದ ಹಿಂದೆಯೇ ಕೇಳಬೇಕಿದ್ದ ಪ್ರಶ್ನೆ. "ದೊಡ್ಡಪ್ಪ, ಒಂದು ಚೌಕ ಟ್ರೇ ತಗೊಂಡಿದ್ದರೆ ಈ ಲೆಕ್ಕವೇ ಇರುತ್ತಿರಲಿಲ್ಲವಲ್ಲ?"

"ಚೌಕ ತಟ್ಟೇಲಿ ಅಂಚೇ ಉಳಿಯಾಕಿಲ್ಲ. ಅಂಚು ಉಳೀದಿದ್ರೆ ನಿಮ್ ದೊಡ್ಡಮ್ಮ ಏನ್ ತಿಂತಾಳೆ?" ಎಂದವರು ತಟ್ಟೆಯ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ದನಿ ತಗ್ಗಿಸಿ, "ಲಾಯರಮ್ಮ, ಈ ಸಲ ಇದೇ ತಟ್ಟೇಲಿ, ಅದೇ ಅಳತೇಲಿ ಅರವತ್ತೊಂದು ತೆಗೀತೀನಿ" ಎಂದರು.

"ಯಾಕೆ?"

"ಒಬ್ರಿಗೆ ಕೊಡ್ಬೇಕು."

"ಯಾರಿಗೆ?"

"ಅದ್ ನಿಂಗ್ಯಾಕೆ?"

"ಹಾಗಾದರೆ ನಿಮ್ಮ ಪಾಲಿನದೇ ಕೊಟ್ಟುಬಿಡಿ."

"ಕೊಟ್ಟೆ, ಒಂದ್ ಸಲ. ತಗಳ್ಳಿಲ್ಲ. ಇನ್ನೊಬ್ರ ಪಾಲಿಂದು ಬ್ಯಾಡ ಅಂದ್ಬುಟ್ರು. ಪಟ್ಟೀಲಿ ಯಾರ ಹೆಸರೂ ಇಲ್ದೇ ಇರೋ ತುಂಡೇ ಆಗ್ಬೇಕು."

ನನ್ನೊಳಗಿನ ಚರ್ಚಾಪಟು ಎದ್ದು ನಿಂತಳು. ಇಡೀ ತಟ್ಟೆ ಎಪ್ಪತ್ತೆಂಟೂವರೆ. ಅರವತ್ತು ಹೋದರೆ ಹದಿನೆಂಟೂವರೆ ಅಂಚು. ತಟ್ಟೆ ಬದಲಾಗದು, ತುಂಡಿನ ಅಳತೆ ಬದಲಾಗದು. ಅಂದಮೇಲೆ ಅಂಚು ಹೇಗೆ ಬದಲಾದೀತು? ನಾನು ಇಷ್ಟನ್ನೂ "ಸನ್ಮಾನ್ಯ ಅಧ್ಯಕ್ಷರೇ" ಎಂಬುದೊಂದನ್ನು ಬಿಟ್ಟು ಮಿಕ್ಕೆಲ್ಲ ಅಲಂಕಾರಗಳೊಂದಿಗೆ ಬಸ್ಸಿಗೆ ಕೇಳುವಂತೆ ಮಂಡಿಸಿದೆ. ಹಿಂದಿನ ಸೀಟಿನವರು ತಲೆದೂಗಿದರು. ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು, "ಮಗೀನ್ ಮಾತಲ್ಲಿ ಪಾಯಿಂಟ್ ಐತೆ ಯಜಮಾನ್ರೇ" ಅಂತ ತೀರ್ಪು ಕೊಟ್ಟ.

"ಪಾಯಿಂಟ್ ಅಂದ್ರೆ ಎರಡ್ ಅಂಕಿ ಇರ್ಬೇಕು ಕಣಪ್ಪ. ಇವ್ಳ್ ಮಾತಲ್ಲಿ ಒಂದೂ ಇಲ್ಲ," ಎಂದರು ದೊಡ್ಡಪ್ಪ. ಪಂದ್ಯ ಅಲ್ಲೇ ಕಟ್ಟಿದ್ದಾಯಿತು. ಅರವತ್ತೊಂದು ಬಾರದಿದ್ದರೆ ಅವರು ಚಾಕು, ಕಡ್ಡಿ ಎರಡನ್ನೂ ನನಗೊಪ್ಪಿಸಿ, ಇನ್ನು ಮೇಲೆ ಮನೆಯಲ್ಲಿ ನಿರ್ದೇಶಾಂಕದ ಸೊಲ್ಲೆತ್ತಬಾರದು. ಬಂದರೆ ನಾನು ಎಲ್ಲರೆದುರು 'ಸೋತೆ' ಅನ್ನಬೇಕು. ನನ್ನ ನಾಲಿಗೆ ಆ ಪದವನ್ನು ಅಲ್ಲಿಯವರೆಗೆ ಉಚ್ಚರಿಸಿಯೇ ಇರಲಿಲ್ಲ!

ಅಲ್ಲಿಂದ ಕಾರ್ತಿಕದ ತನಕ ಬಡವನಹಳ್ಳಿಯ ಮನೆಯಲ್ಲಿ ಒಂದು ಕ್ಯಾಲೆಂಡರೂ ಉಳಿಯಲಿಲ್ಲ. ಹಾಳೆಯ ಹಿಂದೆಲ್ಲ ವೃತ್ತ, ವೃತ್ತದೊಳಗೆ ಚೌಕ. "ನೋಡಮ್ಮ, ಏಕಾದಶಿ ಯಾವತ್ತು ಅಂತ ನೋಡೋಣ ಅಂದ್ರೆ ತಿಂಗಳೇ ಇಲ್ಲ, ಕತ್ತರಿಸ್ಬುಟ್ಟವ್ರೆ" ಎಂದು ದೊಡ್ಡಮ್ಮ ಗೊಣಗಿದರು. ಆ 'ಒಬ್ಬರು' ಯಾರೆಂದು ನಾನು ಮೆಲ್ಲಗೆ ಅವರ ಬಾಯಿ ಬಿಡಿಸಲು ನೋಡಿದೆ. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಕಾಲೇಜಲ್ಲಿ ಜೊತೇಲ್ ಓದಿದೋಳು ಯಾರಾನ ಇದ್ದಾಳೇನೋ ಕಣಮ್ಮ! ಕೊಡ್ಲಿ ಬುಡು. ಬರ್ಫಿ ತಾನೇ?" ಪಾವಗಡದ ಅತ್ತೆಯ ಕಿವಿಗೆ ಈ ಸುದ್ದಿ ಬಿದ್ದಮೇಲಂತೂ ಅವರು ನಾಲ್ಕು ದಿನ ಮೊದಲೇ ಬಂದು ಕೂತರು.

ಹಬ್ಬದ ಹಿಂದಿನ ದಿನ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ವಾಭ್ಯಾಸ. ಮೊದಲ ಗೆರೆಯನ್ನು ನಡುವಿಗೆ ಹಾಕದೆ ಅರ್ಧ ಅಂಗುಲ ಪಕ್ಕಕ್ಕೆ ಸರಿಸಿದರು. ಅದೇ ಅವರ ಬ್ರಹ್ಮಾಸ್ತ್ರವಂತೆ. ನಾನು ಒಂದೊಂದು ಸಾಲನ್ನೂ ಎಣಿಸಿದೆ: ನಾಲ್ಕು, ಆರು, ಎಂಟು, ಎಂಟು, ಎಂಟು, ಎಂಟು, ಎಂಟು, ಆರು, ನಾಲ್ಕು. ಕೂಡಿದರೆ ಅರವತ್ತು!

"ಅರವತ್ತೇ ದೊಡ್ಡಪ್ಪ! ಸಾಲು ಹೆಚ್ಚಾಯಿತು, ತುಂಡು ಹೆಚ್ಚಲಿಲ್ಲ. ಅಂಚು ಅಂದರೆ ಅಂಚು. ಅದನ್ನು ಯಾರೂ ಬದಲಾಯಿಸಲಾಗುವುದಿಲ್ಲ. ಚಾಕು ಕೊಡಿ."

ದೊಡ್ಡಪ್ಪ ಕುಕ್ಕರುಗಾಲಿನಲ್ಲಿ ಕೂತು ಸಾಲುಗಳನ್ನು ತಾವೇ ಇನ್ನೊಮ್ಮೆ ಎಣಿಸಿದರು. ನಾನು ಗೆದ್ದಿದ್ದೆ. ಗೆದ್ದಾಗ ಆಗಬೇಕಾದ ಖುಷಿ ಯಾಕೋ ಆಗಲಿಲ್ಲ; ಅವರ ಮುಖ ಹಾಗಿತ್ತು. ಪಂದ್ಯ ಸೋತವರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ. ಇದು ಅದಲ್ಲ.

"ಅಂಚು ಹಣೇಬರಹ ಅಲ್ಲ ಕಣಮ್ಮ," ಎಂದರು ಕಡೆಗೆ, ಸುಣ್ಣದ ಕೈ ಪಂಚೆಗೆ ಒರೆಸಿಕೊಳ್ಳುತ್ತ. "ಗೆರೆ ಎಲ್ಲಿ ಹಾಕ್ತೀವಿ ಅನ್ನೋದ್ರ ಮ್ಯಾಲೆ ಐತೆ. ನಾಳೆ ನೋಡಾನ ಬುಡು."

ಸೋಮವಾರ ಬೆಳಿಗ್ಗೆ ದೊಡ್ಡಮ್ಮ ಪಾಕ ಕಾಸಿದರು. ಬೆಲ್ಲ ನೊರೆಯೆದ್ದು, ನೀರಿಗೆ ಹಾಕಿದ ಹನಿ ಗುಂಡಗಾದ ಮೇಲೆ ಕಡ್ಲೇಬೀಜದ ಪುಡಿ ಸುರಿದು, ಬೆವರು ಒರೆಸಲೂ ಕೈ ಬಿಡದೆ ತಿರುವಿ, ಹೊಸ ತಟ್ಟೆಗೆ ಸುರಿದು ಸಮ ಮಾಡಿದರು. ಪೂಜೆ ಆಯಿತು. ಮನೆಯವರೆಲ್ಲ ತಟ್ಟೆಯ ಸುತ್ತ ನಿಂತೆವು. ಅಲ್ಲಿ ದೊಡ್ಡಪ್ಪನಿಗಿಂತ ಗಂಭೀರವಾಗಿದ್ದದ್ದು ಪಾವಗಡದ ಅತ್ತೆಯ ಹೆಬ್ಬೆಟ್ಟು ಮಾತ್ರ.

ದೊಡ್ಡಪ್ಪ ನಡುವಿಗೆ ಕಡ್ಲೇಬೀಜ ಒತ್ತಿದರು. ಸೈಕಲ್ ಕಡ್ಡಿಯನ್ನು ಬೀಜದಿಂದ ಅರ್ಧ ಅಂಗುಲ ಬಲಕ್ಕೆ ಇಟ್ಟು ಗೆರೆ ಎಳೆದರು. ನಾನು ಗಂಟಲು ಸರಿಮಾಡಿಕೊಂಡೆ. ನಿನ್ನೆಯದೇ ಸೋತ ವಾದ! ಆದರೆ ಅಡ್ಡಗೆರೆಯ ಸರದಿ ಬಂದಾಗ ಅವರು ಕಡ್ಡಿಯನ್ನು ಬೀಜದ ಮೇಲೆ ಇಡಲಿಲ್ಲ. ಅಲ್ಲೂ ಅರ್ಧ ಅಂಗುಲ ಮೇಲಕ್ಕೆ ಸರಿಸಿದರು. ನಿನ್ನೆ ಒಂದು ಕಡೆಗೆ ಮಾತ್ರ ಸರಿಸಿದ್ದರು. ಇವತ್ತು ಎರಡೂ ಕಡೆಗೆ. ಅಜ್ಜಿಯ ಕಾಲದಿಂದ ಪ್ರತಿ ವರ್ಷ ಮೊದಲ ಏಟಿಗೇ ಹೋಳಾಗುತ್ತಿದ್ದ ಆ ಬೀಜ ಈ ಸಲ ಚೌಕವೊಂದರ ನಟ್ಟನಡುವೆ ಇಡಿಯಾಗಿ ಕೂತಿತ್ತು.

"ಎಣ್ಸು ಲಾಯರಮ್ಮ."

ಎಣಿಸಿದೆ. ಮೂರು. ಏಳು. ಏಳು. ಒಂಬತ್ತು. ಒಂಬತ್ತು. ಒಂಬತ್ತು. ಏಳು. ಏಳು. ಮೂರು. ಅತ್ತೆ ಎಲ್ಲ ತುಂಡಿಗೂ ಹೆಬ್ಬೆಟ್ಟು ತೋರಿಸಿ, "ಅಳತೆ ಸರಿಗ್ಗಾನೇ ಉಂದಿ" ಎಂದರು. ನಾನು ಇನ್ನೊಮ್ಮೆ ಎಣಿಸಿದೆ. ಕೆಳಗಿನಿಂದ ಎಣಿಸಿದೆ. ಪಕ್ಕದಿಂದ ಎಣಿಸಿದೆ. ಲೆಕ್ಕಕ್ಕೆ ಚರ್ಚಾಸ್ಪರ್ಧೆಯ ಕಪ್ಪುಗಳ ಬಗ್ಗೆ ಯಾವ ಗೌರವವೂ ಇಲ್ಲ. ಅರವತ್ತೊಂದು!

"ಸೋತೆ," ಎಂದೆ. ಅಷ್ಟೇನೂ ಕಹಿಯಾಗಿರಲಿಲ್ಲ.

ಆದರೆ ಆಗ ಯಾರಿಗೂ ನನ್ನ ಸೋಲು ಬೇಕಿರಲಿಲ್ಲ. ಅತ್ತೆ ಸೊಂಟಕ್ಕೆ ಕೈಯಿಟ್ಟುಕೊಂಡು, "ಈಗ ಚೆಪ್ಪು ಅಣ್ಣಯ್ಯಾ. ಹೆಚ್ಚಿಂದು ಯವರಿಕಿ? ಆ ಕಾಲೇಜಿನೋಳಿಗಾ?" ಎಂದರು. ದೊಡ್ಡಮ್ಮ ಏನೂ ಕೇಳದವರಂತೆ ಗೋಡೆಗೊರಗಿ ಕೂತು, ಚಾಕು ಬರಲೆಂದು ಕಾಯುತ್ತಿದ್ದರು. ಎಲ್ಲರ ತುಂಡು ಎತ್ತಿದಮೇಲೆ ತಟ್ಟೆ ಅವರ ಮಡಿಲಿಗೆ ಹೋಗಬೇಕಲ್ಲ?

ದೊಡ್ಡಪ್ಪ ಬೇರೆ ಯಾವುದನ್ನೂ ಮುಟ್ಟಲಿಲ್ಲ. ನಡುವಿನ ತುಂಡನ್ನೇ ಮೊದಲು ಎಬ್ಬಿಸಿದರು, ಕಡ್ಲೇಬೀಜದ ಸಮೇತ. ಕಾಗದಕ್ಕೆ ಸುತ್ತಲಿಲ್ಲ. ಅಂಕಿ ಬರೆಯಲಿಲ್ಲ. ಬರೆಯುವುದಾದರೂ ಏನನ್ನು? ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ, ಸೊನ್ನೆ, ಸೊನ್ನೆ. ಅಂಗೈಯಲ್ಲಿಟ್ಟುಕೊಂಡು ಹೋಗಿ ದೊಡ್ಡಮ್ಮನ ಮುಂದೆ ಹಿಡಿದರು.

"ನಂಗ್ಯಾಕೆ? ನಂದು ಅಂಚೈತಲ್ಲ," ಎಂದರು ದೊಡ್ಡಮ್ಮ.

"ಪಟ್ಟೀಲಿ ಯಾರ ಹೆಸರೂ ಇಲ್ಲ ಕಣೇ ಇದಕ್ಕೆ. ಯಾರ ಬಾಯಿಂದ ಕಿತ್ತಿದ್ದೂ ಅಲ್ಲ. ಎಣ್ಸವ್ಳೆ ಲಾಯರಮ್ಮ, ಬೇಕಾದ್ರೆ ಕೇಳು. ಈಗ್ಲಾದ್ರೂ ತಗೋ."

ದೊಡ್ಡಮ್ಮ ನನ್ನ ಮುಖ ನೋಡಿದರು. ಸಮಾನತೆಯ ಮೇಲೆ ಏಳು ನಿಮಿಷ ಮಾತಾಡಿ ಕಪ್ಪು ಗೆದ್ದ ನನ್ನ ಮುಖವನ್ನು! ಹಲ್ಲು ಬರುವ ಮೊದಲೇ ಇಡೀ ತುಂಡು ಮಂಜೂರಾಗಿದ್ದ ನನಗೆ, ಪಾಕ ಕಾಸುವವರ ಹೆಸರೇ ಆ ಪಟ್ಟಿಯಲ್ಲಿಲ್ಲ ಎಂಬ ಒಂದು ಸಣ್ಣ ಪಾಯಿಂಟು ಈವರೆಗೆ ಹೊಳೆದಿರಲಿಲ್ಲ. ಹೌದೆಂದು ತಲೆಯಾಡಿಸಿದೆ. ಅತ್ತೆ ಹೆಬ್ಬೆಟ್ಟನ್ನು ಮಡಿಚಿಕೊಂಡರು.

ದೊಡ್ಡಮ್ಮ ತುಂಡನ್ನು ತೆಗೆದುಕೊಂಡರು. ಅಭ್ಯಾಸಬಲದಿಂದ ದವಡೆ ಹಲ್ಲಿಗೆ ಕೊಟ್ಟು, ಗಟ್ಟಿಯಾಗಿ ಕಚ್ಚಲು ಹೋದರು. ಅದು ಹಾಗೇ ಕರಗಿಹೋಯಿತು. ಅವರು ಅಗಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು.

"ಅಲ್ರೀ," ಎಂದರು, "ನಾನ್ ಮಾಡೋ ಬರ್ಫಿ ಇಷ್ಟ್ ಮೆತ್ತಗಿರ್ತದಾ?"

ದೊಡ್ಡಪ್ಪ ತಟ್ಟೆಯ ಹತ್ತಿರ ಬಂದು ಕೂತು, ಚಾಕು ತೆಗೆದುಕೊಂಡು, ಅಂಚು ಕೆರೆದು ತಿನ್ನತೊಡಗಿದರು.